ಎಐ ಕೈಬಿಟ್ಟ ಅರ್ಜಿಗಳನ್ನು ಓದುವವರು ಯಾರು?
ನೇಮಕಾತಿಯಲ್ಲಿ ಕೃತಕ ಬುದ್ಧಿಮತ್ತೆಯನ್ನು ಬಳಸುವ ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ ಏಳು ಹೆಜ್ಜೆಗಳು

ಮಾನವ ಸಂಪನ್ಮೂಲ ವಿಭಾಗದ ಅನೇಕ ಕೆಲಸಗಳು ಈಗ ಕೃತಕ ಬುದ್ಧಿಮತ್ತೆಯ, ಅಂದರೆ ಎಐ ತಂತ್ರಾಂಶಗಳ, ಪಾಲಾಗುತ್ತಿವೆ. ಹುದ್ದೆಯ ಜಾಹೀರಾತು ಬರೆಯುವುದು, ಅರ್ಜಿಗಳನ್ನು ಸೋಸುವುದು, ಸಂದರ್ಶನಕ್ಕೆ ದಿನ ಗೊತ್ತುಮಾಡುವುದು, ರಜೆ ಮತ್ತು ಭವಿಷ್ಯ ನಿಧಿಯ ಬಗ್ಗೆ ನೌಕರರು ಕೇಳುವ ಪ್ರಶ್ನೆಗಳಿಗೆ ಉತ್ತರಿಸುವುದು ಇವುಗಳಲ್ಲಿ ಮುಖ್ಯವಾದವು. ಇವುಗಳ ಪೈಕಿ ಹೆಚ್ಚಿನ ಎಚ್ಚರ ಬೇಡುವುದು ಅರ್ಜಿ ಸೋಸುವ ಕೆಲಸ. ಏಕೆಂದರೆ ರಜೆಯ ಲೆಕ್ಕ ತಪ್ಪಿದರೆ ನೌಕರ ಮರುದಿನವೇ ಬಂದು ಕೇಳುತ್ತಾನೆ, ಆದರೆ ಯಾರ ಅರ್ಜಿ ತಪ್ಪಾಗಿ ಬಿದ್ದುಹೋಗುತ್ತದೆಯೋ ಅವರು ಕೇಳಲು ಬರುವುದೇ ಇಲ್ಲ.

ಹೀಗಿದ್ದರೂ ಅನೇಕ ಕಚೇರಿಗಳಲ್ಲಿ ಯಂತ್ರ ಆರಿಸಿಕೊಟ್ಟ ಹತ್ತಿಪ್ಪತ್ತು ಮಂದಿಯನ್ನು ನೋಡಿ, ಅವರು ಯೋಗ್ಯರೆಂದು ಕಂಡೊಡನೆ, ಸೋಸುವಿಕೆ ಸರಿಯಾಗಿದೆಯೆಂದು ತೀರ್ಮಾನಿಸುವ ರೂಢಿ ಬೆಳೆದಿದೆ. ಕಾಳು ಕೇರುವವರು ಮೊರದಲ್ಲಿ ಉಳಿದುದನ್ನಷ್ಟೇ ಅಲ್ಲ, ಕೆಳಗೆ ಹಾರಿದ ಹೊಟ್ಟಿನ ಮೇಲೂ ಕೈಯಾಡಿಸುತ್ತಾರೆ. ಆ ಕ್ರಮವನ್ನು ನೇಮಕಾತಿಗೂ ತರುವುದು ಹೇಗೆಂಬುದೇ ಈ ಲೇಖನದ ವಿಷಯ.

ಹೆಜ್ಜೆ 1: ಅರ್ಹತೆಯ ಪಟ್ಟಿ ಮನುಷ್ಯರದೇ ಆಗಿರಲಿ

ತಂತ್ರಾಂಶವನ್ನು ತೆರೆಯುವ ಮೊದಲು, ಹುದ್ದೆಗೆ ಕಡ್ಡಾಯವಾಗಿ ಬೇಕಾದ ನಾಲ್ಕೈದು ಅಂಶಗಳನ್ನೂ ಇದ್ದರೆ ಒಳಿತೆನ್ನುವ ಅಂಶಗಳನ್ನೂ ಬೇರೆಬೇರೆಯಾಗಿ ಬರೆಯಬೇಕು. ಪೀಣ್ಯದ ಕಾರ್ಖಾನೆಯೊಂದಕ್ಕೆ ಸಿಎನ್‌ಸಿ ಆಪರೇಟರ್, ಅಂದರೆ ಕಂಪ್ಯೂಟರ್ ಆಣತಿಯಂತೆ ಲೋಹ ಕಡಿಯುವ ಯಂತ್ರವನ್ನು ನಡೆಸುವವರು, ಬೇಕಾಗಿದ್ದಾರೆಂದು ಇಟ್ಟುಕೊಂಡರೆ, ಐಟಿಐಯ ಟರ್ನರ್ ಅಥವಾ ಮೆಷಿನಿಸ್ಟ್ ತರಬೇತಿ, ಡ್ರಾಯಿಂಗ್ ಓದುವ ಸಾಮರ್ಥ್ಯ, ಮೈಕ್ರೋಮೀಟರ್ ಬಳಸಿದ ಅನುಭವ, ರಾತ್ರಿ ಪಾಳಿಗೆ ಒಪ್ಪಿಗೆ ಇವು ಕಡ್ಡಾಯವಾಗಬಹುದು. ಈ ಪಟ್ಟಿಯನ್ನು ಮಾಡಬೇಕಾದವರು ಯಂತ್ರದ ಬಳಿ ನಿಲ್ಲುವ ಸೂಪರ್‌ವೈಸರ್. ಎಐ ಬರೆದುಕೊಡುವ ಜಾಹೀರಾತುಗಳಲ್ಲಿ ‘ಅತ್ಯುತ್ತಮ ಸಂವಹನ ಕೌಶಲ’ ಎಂಬ ಮಾತು ಸಾಮಾನ್ಯವಾಗಿ ಇರುತ್ತದೆ. ಅದೇ ಜಾಹೀರಾತನ್ನು ಸೋಸುವ ಮಾನದಂಡವಾಗಿ ಯಂತ್ರಕ್ಕೆ ಮರಳಿ ಕೊಟ್ಟರೆ, ಲೇತ್ ಮುಂದೆ ಹತ್ತು ವರ್ಷ ನಿಂತವನು ಆ ಮಾತನ್ನು ಬರೆಯಲಿಲ್ಲವೆಂಬ ಕಾರಣಕ್ಕೆ ಹಿಂದೆ ಬೀಳುತ್ತಾನೆ.

ಹೆಜ್ಜೆ 2: ಬೇಡದ ಮಾಹಿತಿಯನ್ನು ತೆಗೆದಿಡುವುದು

ಭಾವಚಿತ್ರ, ಹುಟ್ಟಿದ ದಿನಾಂಕ, ಲಿಂಗ, ತಂದೆಯ ಹೆಸರು, ಜಾತಿ, ವೈವಾಹಿಕ ಸ್ಥಿತಿ, ಮನೆಯ ವಿಳಾಸ ಮತ್ತು ಆಧಾರ್ ಸಂಖ್ಯೆ ಅರ್ಹತೆಯನ್ನು ಅಳೆಯಲು ಬೇಕಾಗಿಲ್ಲ. ಅಭ್ಯರ್ಥಿಯ ಹೆಸರಿನ ಬದಲು ಕ್ರಮಸಂಖ್ಯೆಯನ್ನು ಕೊಟ್ಟರೆ ಸಾಕು, ಏಕೆಂದರೆ ಈ ನಾಡಿನಲ್ಲಿ ಹೆಸರೊಂದೇ ಊರು, ಮತ, ಜಾತಿ ಮೂರನ್ನೂ ಹೇಳಿಬಿಡುವುದುಂಟು. ಉಚಿತವಾಗಿ ಸಿಗುವ ಚಾಟ್‌ಬಾಟ್‌ಗಳಿಗೆ ಅರ್ಜಿಗಳನ್ನು ಇಡಿಯಾಗಿ ಸುರಿಯುವ ಅಭ್ಯಾಸವನ್ನಂತೂ ಬಿಡಲೇಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಯಾವ ಉದ್ದೇಶಕ್ಕೆ ಮಾಹಿತಿ ಪಡೆಯಲಾಯಿತೋ ಅದಕ್ಕಷ್ಟೇ ಬಳಸಬೇಕೆಂದು ವಿಧಿಸುತ್ತದೆ. ದತ್ತಾಂಶದ ಭದ್ರತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿಯವರೆಗೆ ದಂಡಕ್ಕೆ ಅವಕಾಶ ಕೊಡುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶವಿದೆಯಾದರೂ, ಅಲ್ಲಿಯವರೆಗೆ ಕಾಯುವುದು ಜಾಣತನವಲ್ಲ.

ಹೆಜ್ಜೆ 3: ಯಂತ್ರ ಓದಿದ್ದೇನೆಂದು ನೋಡುವುದು

ಅರ್ಜಿಯನ್ನು ತೆರೆದು, ಅದರ ಪಠ್ಯವನ್ನೆಲ್ಲ ನಕಲಿಸಿ, ನೋಟ್‌ಪ್ಯಾಡಿಗೆ ಅಂಟಿಸಿದರೆ ಯಂತ್ರಕ್ಕೆ ಸಿಗುವುದು ಸುಮಾರಾಗಿ ಏನೆಂದು ತಿಳಿಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ಅರ್ಜಿಯಿಂದ ಏನೂ ಬರುವುದಿಲ್ಲ. ಎರಡು ಕಾಲಂಗಳ ವಿನ್ಯಾಸದಲ್ಲಿ ಎಡದ ಸಾಲು ಬಲದ ಸಾಲಿನೊಡನೆ ಬೆರೆತು ಬರಬಹುದು. ಯುನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಕನ್ನಡ ಅನುಭವ ಪತ್ರವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಇಂಥವನ್ನು ಪ್ರತ್ಯೇಕವಾಗಿಟ್ಟು ಕೈಯಿಂದಲೇ ಓದಬೇಕು.

ಹೆಜ್ಜೆ 4: ಅಂಕವನ್ನಲ್ಲ, ಆಧಾರವನ್ನು ಕೇಳುವುದು

‘ಈ ಅರ್ಜಿಗೆ ನೂರಕ್ಕೆ ಎಷ್ಟು ಅಂಕ?’ ಎಂದು ಕೇಳಿದರೆ ಎಐ 82 ಎಂದೋ 74 ಎಂದೋ ಹೇಳುತ್ತದೆ. ಅದೇ ಅರ್ಜಿಯನ್ನು ಮತ್ತೊಮ್ಮೆ ಕೊಟ್ಟರೆ ಬೇರೆ ಅಂಕ ಬರಬಹುದು. ದೊಡ್ಡ ಭಾಷಾ ಮಾದರಿ, ಅಂದರೆ ಅಪಾರ ಪಠ್ಯದಿಂದ ಕಲಿತು ಮುಂದಿನ ಪದವನ್ನು ಊಹಿಸುತ್ತ ಹೋಗುವ ತಂತ್ರಾಂಶ, ತಕ್ಕಡಿಯಂತೆ ತೂಗುವುದಿಲ್ಲ. ಆದ್ದರಿಂದ ಪ್ರತಿಯೊಂದು ಕಡ್ಡಾಯ ಅಂಶಕ್ಕೂ ‘ಇದೆ’, ‘ಇಲ್ಲ’, ‘ಸ್ಪಷ್ಟವಿಲ್ಲ’ ಎಂಬ ಮೂರರಲ್ಲಿ ಒಂದು ಉತ್ತರವನ್ನೂ, ಆ ಉತ್ತರಕ್ಕೆ ಆಧಾರವಾದ ಅರ್ಜಿಯ ಸಾಲನ್ನೂ ಕೇಳಬೇಕು. ಆ ಸಾಲು ಅರ್ಜಿಯಲ್ಲಿ ನಿಜವಾಗಿಯೂ ಇದೆಯೇ ಎಂದು ಹುಡುಕಿ ನೋಡಬೇಕು, ‘ಸ್ಪಷ್ಟವಿಲ್ಲ’ ಎಂದು ಬಂದವನ್ನು ತಿರಸ್ಕರಿಸದೆ ಮನುಷ್ಯರ ಓದಿಗೆ ಎತ್ತಿಡಬೇಕು.

ಹೆಜ್ಜೆ 5: ಕೈಬಿಟ್ಟವರ ಪಟ್ಟಿಯನ್ನು ಓದುವುದು

ಉಳಿದೆಲ್ಲ ಹೆಜ್ಜೆಗಳನ್ನು ಅರೆಮನಸ್ಸಿನಿಂದ ಮಾಡಿದರೂ ಈ ಒಂದನ್ನು ಪೂರ್ತಿಯಾಗಿ ಮಾಡಿದ ಉದ್ಯಮ ದೊಡ್ಡ ತಪ್ಪಿನಿಂದ ಪಾರಾಗುತ್ತದೆ. ಬಂದ 240 ಅರ್ಜಿಗಳಲ್ಲಿ 30 ಉಳಿದು 210 ಬಿದ್ದುಹೋಗಿವೆ ಎಂದಿಟ್ಟುಕೊಂಡರೆ, ಮೊದಲು ಆ 210ನ್ನು ಬಿದ್ದ ಕಾರಣಕ್ಕೆ ಅನುಗುಣವಾಗಿ ಗುಂಪು ಮಾಡಬೇಕು. ಅನಂತರ ಪ್ರತಿ ಗುಂಪಿನಿಂದ ಹತ್ತಕ್ಕೆ ಒಂದರಂತೆ, ಗುಂಪು ಸಣ್ಣದಿದ್ದರೆ ಕನಿಷ್ಠ ಒಂದನ್ನಾದರೂ, ಚೀಟಿ ಎತ್ತಿ ಆರಿಸಬೇಕು. ಸುಮಾರು 21 ಅರ್ಜಿಗಳಾಗುತ್ತವೆ. ಒಂದಕ್ಕೆ ಎರಡು ನಿಮಿಷ ಹಿಡಿದರೂ ಮುಕ್ಕಾಲು ಗಂಟೆಗಿಂತ ಹೆಚ್ಚು ಬೇಕಾಗದು. ಓದುವವರಿಗೆ ಅವು ಕೈಬಿಟ್ಟವೆಂಬುದು ಗೊತ್ತಾಗದಂತೆ, ಉಳಿದ ಪಟ್ಟಿಯ ಕೆಲವು ಅರ್ಜಿಗಳನ್ನೂ ನಡುವೆ ಬೆರೆಸಿಡುವುದು ಒಳ್ಳೆಯದು. ‘ಯಂತ್ರ ಬಿಟ್ಟಿದೆಯೆಂದರೆ ಏನೋ ಕೊರತೆ ಇರಬೇಕು’ ಎಂಬ ಪೂರ್ವಗ್ರಹ ಬಹಳ ಬೇಗ ಹತ್ತಿಕೊಳ್ಳುತ್ತದೆ.

ಕರ್ನಾಟಕದ ಅರ್ಜಿಗಳಲ್ಲಿ ಮೊದಲು ಹುಡುಕಬೇಕಾದ ತಪ್ಪು ಶಿಕ್ಷಣದ ಕಾಲಂಗಳಲ್ಲಿ ಇರುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿ, ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಪಡೆದು, ಡಿಸಿಇಟಿ ಪರೀಕ್ಷೆಯ ಮೂಲಕ ನೇರವಾಗಿ ಬಿ.ಇ. ಎರಡನೇ ವರ್ಷಕ್ಕೆ ಸೇರಿದ ವಿದ್ಯಾರ್ಥಿಗೆ ಹನ್ನೆರಡನೇ ತರಗತಿಯ ಅಂಕಪಟ್ಟಿಯೇ ಇರುವುದಿಲ್ಲ. ‘ಹತ್ತು, ಹನ್ನೆರಡು, ಪದವಿ ಮೂರರಲ್ಲೂ ಶೇ 60’ ಎಂಬ ನಿಯಮವನ್ನು ತಂತ್ರಾಂಶಕ್ಕೆ ಕೊಟ್ಟಿದ್ದರೆ, ಖಾಲಿ ಉಳಿದ ಆ ಚೌಕ ಸೊನ್ನೆಯೆಂದು ಎಣಿಕೆಯಾಗಿ, ಲೇತ್, ಫಿಟ್ಟಿಂಗ್, ಡ್ರಾಯಿಂಗ್ ಎಲ್ಲವನ್ನೂ ಹದಿನಾರನೇ ವಯಸ್ಸಿನಿಂದ ಕೈಯಾರೆ ಕಲಿತು ಬಂದ ಅಭ್ಯರ್ಥಿಯೇ ಹೊರಗುಳಿಯುತ್ತಾನೆ. ಹನ್ನೆರಡನೇ ತರಗತಿಯನ್ನು ‘ಪಿಯುಸಿ’ ಎಂದು ಬರೆದ ಅರ್ಜಿಗಳೂ, ಪದ ಹೋಲಿಸುವುದನ್ನಷ್ಟೇ ಬಲ್ಲ ಹಳೆಯ ತಂತ್ರಾಂಶಗಳಲ್ಲಿ, ಇದೇ ಗತಿ ಕಾಣುತ್ತವೆ. ಹತ್ತರ ಮಾಪನದಲ್ಲಿ 7.8 ಸಿಜಿಪಿಎ ಪಡೆದವರನ್ನು ನೂರಕ್ಕೆ 7.8 ಪಡೆದವರೆಂದು ತಿಳಿದು ಕೆಳಕ್ಕೆ ತಳ್ಳುವುದು ಇನ್ನೊಂದು ಬಗೆ. ಇಂಥ ಕಡೆ ತಪ್ಪಿರುವುದು ಬಹುಮಟ್ಟಿಗೆ ಎಐ ಭಾಗದಲ್ಲಿ ಅಲ್ಲ. ಅದರ ಮುಂದೆ ಕಾವಲು ನಿಲ್ಲಿಸಿದ ಸರಳ ನಿಯಮದಲ್ಲಿ. ಎಐ ಎಷ್ಟೇ ಚುರುಕಾಗಿದ್ದರೂ ಬಾಗಿಲಲ್ಲೇ ತಡೆದ ಅರ್ಜಿಯನ್ನು ಅದು ನೋಡಲಾರದು.

ಹೆಸರಿನ ಕಾಲಂ ಕೂಡ ಇಂಥದೇ ತೊಡಕು. ಇನಿಷಿಯಲ್ ಮಾತ್ರ ಇರುವ ಅಭ್ಯರ್ಥಿ ‘ಕೊನೆಯ ಹೆಸರು’ ಕಡ್ಡಾಯವೆಂಬ ಚೌಕದಲ್ಲಿ ಒಂದು ಚುಕ್ಕೆಯನ್ನೋ ತನ್ನ ಹೆಸರನ್ನೇ ಎರಡನೇ ಸಲವೋ ಬರೆಯುತ್ತಾನೆ. ನಕಲು ಅರ್ಜಿಗಳನ್ನು ತೆಗೆಯುವ ತಂತ್ರಾಂಶವು ‘ಮಂಜುನಾಥ್ ಎಚ್’ ಎಂಬ ಇಬ್ಬರನ್ನು ಒಬ್ಬನೇ ಎಂದು ಭಾವಿಸಿ ಒಂದು ಅರ್ಜಿಯನ್ನು ಅಳಿಸಿಬಿಡಬಹುದು.

ಚೀಟಿ ಎತ್ತಿ ಆರಿಸಿದವುಗಳಲ್ಲಿ ಯೋಗ್ಯವಾದ ಒಂದೇ ಒಂದು ಅರ್ಜಿ ಸಿಕ್ಕರೂ ಅದನ್ನು ಮೇಲೆ ಸೇರಿಸಿ ಸುಮ್ಮನಾಗಬಾರದು. ಅದು ಯಾವ ಕಾರಣಕ್ಕೆ ಬಿದ್ದಿತೋ ಆ ಗುಂಪನ್ನು ಇಡಿಯಾಗಿ ಓದಿ, ನಿಯಮವನ್ನು ತಿದ್ದಿ, 240 ಅರ್ಜಿಗಳನ್ನೂ ಮತ್ತೆ ಸೋಸಬೇಕು. 21ರಲ್ಲಿ ಒಂದೂ ತಪ್ಪು ಸಿಗದಿದ್ದರೆ ಸಮಾಧಾನಪಡಬಹುದೇ ಹೊರತು, ಉಳಿದವುಗಳಲ್ಲಿ ತಪ್ಪೇ ಇಲ್ಲವೆಂದು ಸಾರುವಂತಿಲ್ಲ.

ದೊಡ್ಡ ಕಂಪನಿಗಳೂ ಈ ವಿಷಯದಲ್ಲಿ ಎಡವಿವೆ. ಅಮೆಜಾನ್ 2014ರಿಂದ ಪ್ರಾಯೋಗಿಕವಾಗಿ ಬೆಳೆಸಿದ ಸೋಸುವ ವ್ಯವಸ್ಥೆಯು, ಹಿಂದಿನ ಹತ್ತು ವರ್ಷಗಳಲ್ಲಿ ಬಂದಿದ್ದ, ಬಹುಪಾಲು ಗಂಡಸರದೇ ಆಗಿದ್ದ ಅರ್ಜಿಗಳಿಂದ ಕಲಿತು, ‘ಮಹಿಳೆಯರ’ ಎಂಬ ಅರ್ಥದ ಪದವಿದ್ದ ಅರ್ಜಿಗಳ ಅಂಕವನ್ನು ಇಳಿಸುತ್ತಿತ್ತೆಂದೂ, ಕೊನೆಗೆ ಆ ಯೋಜನೆಯನ್ನೇ ಕೈಬಿಡಲಾಯಿತೆಂದೂ ರಾಯಿಟರ್ಸ್ ಸುದ್ದಿಸಂಸ್ಥೆ 2018ರ ಅಕ್ಟೋಬರ್‌ನಲ್ಲಿ ವರದಿ ಮಾಡಿತು. ಹೀಗೆ ಕಲಿತ ವ್ಯವಸ್ಥೆಯ ಒಲವು ಆಯ್ಕೆಯಾದವರ ಅರ್ಜಿಗಳನ್ನಷ್ಟೇ ಓದಿದರೆ ಕಾಣುವುದಿಲ್ಲ, ಏಕೆಂದರೆ ಅವರೆಲ್ಲ ಯೋಗ್ಯರೇ ಆಗಿರಬಹುದು.

ಹೆಜ್ಜೆ 6: ಗುಂಪುವಾರು ಲೆಕ್ಕ ಮತ್ತು ಜೋಡಿ ಪರೀಕ್ಷೆ

ಅಮೆರಿಕದಲ್ಲಿ 1978ರ ಮಾರ್ಗಸೂಚಿಯಿಂದ ಬಳಕೆಗೆ ಬಂದ ‘ಐದರಲ್ಲಿ ನಾಲ್ಕು’ ಎಂಬ ಅಳತೆ ಇಲ್ಲಿಯೂ ಉಪಯುಕ್ತ. ಇನ್ನೊಂದು ಹುದ್ದೆಗೆ ಅರ್ಜಿ ಹಾಕಿದ 120 ಗಂಡಸರಲ್ಲಿ 30 ಮಂದಿ ಉಳಿದರೆ ಅದು ಶೇ 25. 60 ಹೆಂಗಸರಲ್ಲಿ 9 ಮಂದಿ ಉಳಿದರೆ ಅದು ಶೇ 15. ಹದಿನೈದು ಇಪ್ಪತ್ತೈದರ ಶೇ 60 ಮಾತ್ರ. ಈ ಅನುಪಾತ ಶೇ 80ಕ್ಕಿಂತ ಕೆಳಗಿದ್ದರೆ ತಾರತಮ್ಯ ಸಾಬೀತಾದಂತಲ್ಲ, ಆದರೆ ಕಾರಣ ಹುಡುಕಲೇಬೇಕೆಂಬ ಸೂಚನೆ. ಅರ್ಜಿಗಳ ಸಂಖ್ಯೆ ತೀರ ಕಡಿಮೆಯಿದ್ದಾಗ ಈ ಅಳತೆ ನಂಬಿಕೆಗೆ ಅರ್ಹವಲ್ಲ. ಇದು ಭಾರತದ ಕಾನೂನಲ್ಲವಾದರೂ, 2019ರ ವೇತನ ಸಂಹಿತೆಯು ಒಂದೇ ಬಗೆಯ ಕೆಲಸದ ನೇಮಕಾತಿಯಲ್ಲಿ ಲಿಂಗ ಆಧಾರಿತ ತಾರತಮ್ಯವನ್ನು ನಿಷೇಧಿಸುವುದರಿಂದ ಲೆಕ್ಕ ಇಟ್ಟುಕೊಳ್ಳುವುದು ಉದ್ಯಮಕ್ಕೇ ಕ್ಷೇಮ. ಕ್ರಮಸಂಖ್ಯೆಯೊಡನೆ ತೆಗೆದಿಟ್ಟ ವಿವರಗಳನ್ನು ಈ ಎಣಿಕೆಗೆ ಮಾತ್ರ ಬಳಸಬೇಕು.

ಇದರ ಜೊತೆಗೆ ಒಂದೇ ಅರ್ಜಿಯನ್ನು ಒಂದು ವಿವರ ಮಾತ್ರ ಬದಲಿಸಿ ಎರಡು ಸಲ ಕೊಡುವ ಪರೀಕ್ಷೆಯನ್ನೂ ಮಾಡಬೇಕು. ಐಟ್ಯೂಟರ್‌ಗ್ರೂಪ್ ಎಂಬ ಆನ್‌ಲೈನ್ ಬೋಧನಾ ಸಂಸ್ಥೆಯ ತಂತ್ರಾಂಶವು 55 ತುಂಬಿದ ಮಹಿಳೆಯರನ್ನೂ 60 ತುಂಬಿದ ಪುರುಷರನ್ನೂ ತಾನಾಗಿ ತಿರಸ್ಕರಿಸುತ್ತಿತ್ತೆಂಬ ಅಮೆರಿಕದ ಸಮಾನ ಉದ್ಯೋಗಾವಕಾಶ ಆಯೋಗದ ಆರೋಪದ ಹಿಂದೆ ಇಂಥದೇ ಘಟನೆಯಿತ್ತು. ಹುಟ್ಟಿದ ದಿನಾಂಕವನ್ನಷ್ಟೇ ಬದಲಿಸಿ ಎರಡನೇ ಸಲ ಕಳಿಸಿದ ಅರ್ಜಿಗೆ ಸಂದರ್ಶನದ ಕರೆ ಬಂದಿತ್ತು. ಪ್ರಕರಣ 2023ರಲ್ಲಿ 3,65,000 ಡಾಲರ್‌ಗೆ ರಾಜಿಯಾಯಿತು.

ಹೆಜ್ಜೆ 7: ತಿಳಿಸುವುದು ಮತ್ತು ದಾಖಲಿಸುವುದು

ಸೋಸುವಿಕೆಗೆ ಎಐ ಬಳಸಲಾಗುತ್ತದೆಯೆಂದು ಜಾಹೀರಾತಿನಲ್ಲೇ ತಿಳಿಸಿ, ಮರುಪರಿಶೀಲನೆ ಕೋರಲು ಒಂದು ಇಮೇಲ್ ವಿಳಾಸ ಕೊಡಬೇಕು. ನ್ಯೂಯಾರ್ಕ್ ನಗರದಲ್ಲಿ 2023ರ ಜುಲೈಯಿಂದ ಇಂಥ ಮುನ್ಸೂಚನೆಯೂ ಪಕ್ಷಪಾತದ ತಪಾಸಣೆಯೂ ಕಡ್ಡಾಯ. ವಿಡಿಯೊ ಸಂದರ್ಶನದಲ್ಲಿ ಮುಖಭಾವವನ್ನು ಅಳೆಯುತ್ತೇವೆನ್ನುವ ತಂತ್ರಾಂಶಗಳನ್ನು ಕೊಳ್ಳದಿರುವುದೇ ಲೇಸು. ಕೆಲಸದ ಸ್ಥಳದಲ್ಲಿ ಭಾವನೆ ಗುರುತಿಸುವ ಎಐಯನ್ನು ಐರೋಪ್ಯ ಒಕ್ಕೂಟ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಹೊರತುಪಡಿಸಿ, 2025ರ ಫೆಬ್ರುವರಿಯಿಂದ ನಿಷೇಧಿಸಿದೆ. ಪ್ರತಿ ಹುದ್ದೆಗೂ ಒಂದು ಹಾಳೆಯ ದಾಖಲೆ ಇರಬೇಕು: ಕೊಟ್ಟ ನಿಯಮಗಳು, ಬಳಸಿದ ತಂತ್ರಾಂಶ, ಬಂದ ಮತ್ತು ಬಿದ್ದ ಅರ್ಜಿಗಳ ಸಂಖ್ಯೆ, ಹಾಗೂ ಬಿದ್ದವುಗಳನ್ನು ಓದಿದವರ ಹೆಸರು ಮತ್ತು ಸಹಿ. ಆ ಕೊನೆಯ ಜಾಗ ಖಾಲಿಯಿರುವವರೆಗೆ ಯಾರಿಗೂ ನೇಮಕಾತಿ ಪತ್ರ ಹೋಗಬಾರದು.