ಜ್ವರ ಹೋಯಿತು, ಕೀಲು ನೋವು ಯಾಕೆ ಹೋಗಲಿಲ್ಲ?

ಈ ಪಾಠ ಓದುವ ಮೊದಲು ಮನೆಯ ಹಿರಿಯರನ್ನು ಒಂದು ಮಾತು ಕೇಳಿ. "2006ರ ಚಿಕೂನ್‌ಗುನ್ಯಾ ನೆನಪಿದೆಯೇ?" ಎಷ್ಟೋ ಜನ ಮೊದಲು ಮೊಣಕಾಲು ಸವರಿಕೊಳ್ಳುತ್ತಾರೆ. ಮಾತು ಆಮೇಲೆ.

ಸುಮಾರು 32 ವರ್ಷ ನಮ್ಮ ದೇಶದಲ್ಲಿ ಈ ರೋಗದ ದೊಡ್ಡ ಸುದ್ದಿ ಇರಲಿಲ್ಲ. 2005ರ ಕೊನೆಯಲ್ಲಿ ಆಂಧ್ರದಲ್ಲಿ ಮತ್ತೆ ಕಾಣಿಸಿತು. ನಮ್ಮ ಅನಂತಪುರ ಜಿಲ್ಲೆಗೆ ಬಂತು. ಗಡಿಯಾಚೆ ತುಮಕೂರು, ಚಿತ್ರದುರ್ಗ ಜಿಲ್ಲೆಗಳಿಗೂ ಬಂತು. 2006ರಲ್ಲಿ ದೇಶದ ಸುಮಾರು 14 ಲಕ್ಷ ಜನರಿಗೆ ಈ ರೋಗ ತಗುಲಿರಬಹುದು ಎಂದು ಸರ್ಕಾರ ಲೆಕ್ಕ ಹಾಕಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕರ್ನಾಟಕದವರು. ಹೆಸರು ಕೇಳಿ ಕೋಳಿ ತಿನ್ನೋದು ಬಿಟ್ಟವರೂ ಇದ್ದರು! ಕೋಳಿಗೂ ಇದಕ್ಕೂ ಸಂಬಂಧವಿಲ್ಲ. ಇದು ಆಫ್ರಿಕಾದ ಒಂದು ಭಾಷೆಯ ಮಾತು. ನೋವಿನಿಂದ ಮೈ ಬಾಗಿ ಹೋಗುವುದು ಎಂದು ಅರ್ಥ.

ಜ್ವರ ಕೆಲವೇ ದಿನಕ್ಕೆ ಬಿಟ್ಟಿತು. ಕೀಲುಗಳು ಬಿಡಲಿಲ್ಲ. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗದು. ಇನ್ನು ಕಡಲೆಕಾಯಿ ಗಿಡ ಕೀಳೋದು ಎಲ್ಲಿಂದ? ಕೂಲಿ ಹೋಯಿತು. ಕೆಲವರಿಗೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ನೋವು. ವರ್ಷ ದಾಟಿದವರೂ ಉಂಟು. ಯಾಕೆ ಹೀಗೆ?

ಕಾಲಿಗೆ ಜಾಲಿ ಮುಳ್ಳು ಚುಚ್ಚಿದ್ದನ್ನು ನೆನೆಯಿರಿ. ಆ ಜಾಗ ಕೆಂಪಾಗುತ್ತದೆ. ಬಿಸಿಯಾಗುತ್ತದೆ. ಊದುತ್ತದೆ. ನೋಯುತ್ತದೆ. ಇದಕ್ಕೆ ಉರಿಯೂತ ಎನ್ನುತ್ತಾರೆ. ಉರಿ ಮತ್ತು ಊತ ಸೇರಿದ ಪದ. ಈ ಊತವನ್ನು ಮಾಡುವುದು ಮುಳ್ಳಲ್ಲ, ನಮ್ಮ ಮೈ.

ರಕ್ತದಲ್ಲಿ ಬಿಳಿ ಕಣಗಳಿವೆ. ಅವು ಮೈಯ ಕಾವಲುಗಾರರು. ರಕ್ತದ ಜೊತೆ ಸುತ್ತುತ್ತಾ ಇರುತ್ತವೆ. ಹಿಮ್ಮಡಿಗೆ ಮುಳ್ಳು ಚುಚ್ಚಿದ್ದು ಅವಕ್ಕೆ ಗೊತ್ತಾಗೋದು ಹೇಗೆ? ಪೆಟ್ಟಾದ ಜಾಗದ ಜೀವಕೋಶಗಳು ಒಂದು ಸಣ್ಣ ಪ್ರೋಟೀನನ್ನು ಹೊರಗೆ ಬಿಡುತ್ತವೆ. ಅದರ ಹೆಸರು ಕೀಮೋಕೈನ್. ಮೂಲೆಯಲ್ಲಿ ಬೆಲ್ಲದ ಚೂರು ಬಿದ್ದರೆ ಇರುವೆ ಸಾಲು ಹಿಡಿದು ಬರುವುದಿಲ್ಲವೇ? ಬಿಳಿ ಕಣಗಳೂ ಹಾಗೇ. ಕೀಮೋಕೈನ್ ಎತ್ತ ಹೆಚ್ಚೋ ಅತ್ತ ಹೋಗುತ್ತವೆ. ರಕ್ತನಾಳದ ಗೋಡೆಗೆ ಅಂಟಿಕೊಂಡು, ಸಂದಿಯಲ್ಲಿ ನುಸುಳಿ ಹೊರಗೆ ಬರುತ್ತವೆ. ನಾಳದಿಂದ ನೀರೂ ಒಸರುತ್ತದೆ. ಅದೇ ಬಾವು.

ನಮ್ಮ ಮೈಯಲ್ಲಿ ಕೀಮೋಕೈನ್ ಸುಮಾರು 50 ಬಗೆ ಇವೆ. ಒಂದರ ಹೆಸರು ಎಂಸಿಪಿ-1. ಇದು ಮೊನೊಸೈಟ್ ಎಂಬ ಬಿಳಿ ಕಣವನ್ನು ಕರೆಯುತ್ತದೆ. ಈ ಕಣ ದೊಡ್ಡ ಹೊಟ್ಟೆಬಾಕ. ವೈರಸ್ಸು, ಸತ್ತ ಜೀವಕೋಶ ಎಲ್ಲವನ್ನೂ ನುಂಗುತ್ತದೆ. ಚಿಕೂನ್‌ಗುನ್ಯಾ ವೈರಸ್ಸು ಸೊಳ್ಳೆ ಕಡಿತದಿಂದ ಒಳಗೆ ಬಂದು ಕೀಲು ಸೇರುತ್ತದೆ. ಆಗ ಅಲ್ಲಿಂದ ಎಂಸಿಪಿ-1 ಹೊರಡುತ್ತದೆ. ರೋಗಿಗಳ ರಕ್ತದಲ್ಲಿ ಇದು ಹೆಚ್ಚಾಗಿರುವುದು ಪರೀಕ್ಷೆಗಳಲ್ಲಿ ಕಂಡಿದೆ.

ಬಣವೆಗೆ ಬೆಂಕಿ ಬಿತ್ತು ಅನ್ನಿ. ಕೂಗು ಕೇಳಿ ಊರೇ ಕೊಡ ಹಿಡಿದು ಓಡಿ ಬರುತ್ತದೆ. ಬೆಂಕಿ ಆರುತ್ತದೆ. ಆಮೇಲೂ ಕೂಗು ನಿಲ್ಲದಿದ್ದರೆ? ಜನ ಬರುತ್ತಲೇ ಇರುತ್ತಾರೆ. ಪಕ್ಕದ ಹೊಲದ ಬೆಳೆ ತುಳಿದು ಹಾಳಾಗುತ್ತದೆ. ಕೆಲವರ ಕೀಲಿನಲ್ಲಿ ಆಗೋದು ಇದೇ. ರಕ್ತದಿಂದ ವೈರಸ್ಸು ಹೋದರೂ ಅದರ ಚೂರುಗಳು ಕೀಲಿನಲ್ಲಿ ಉಳಿದಿರುವುದುಂಟು. ಕರೆ ನಿಲ್ಲುವುದಿಲ್ಲ. ಬಂದ ಕಣಗಳು ಕೀಲಿಗೇ ಪೆಟ್ಟು ಕೊಡುತ್ತವೆ.

ಹಾಗಾದರೆ ಕರೆಯನ್ನೇ ನಿಲ್ಲಿಸಿಬಿಟ್ಟರೆ? ವಿಜ್ಞಾನಿಗಳು ಇಲಿಗಳಲ್ಲಿ ಇದನ್ನು ನೋಡಿದ್ದಾರೆ. ಎಂಸಿಪಿ-1 ಅನ್ನು ಒಂದು ಮದ್ದಿನಿಂದ ತಗ್ಗಿಸಿದಾಗ ಬಾವು ಇಳಿಯಿತು. ಆ ಕರೆ ಕೇಳಿಸಿಕೊಳ್ಳುವ ಶಕ್ತಿಯೇ ಇಲ್ಲದ ಇಲಿಗಳಲ್ಲಿ ಮಾತ್ರ ಕೀಲು ಇನ್ನೂ ಕೆಟ್ಟಿತು. ಬೇರೆ ಬಗೆಯ ಬಿಳಿ ಕಣಗಳು ಬಂದು ತುಂಬಿಕೊಂಡವು. ತಗ್ಗಿಸುವುದು ಬೇರೆ, ಪೂರ್ತಿ ಇಲ್ಲವಾಗಿಸುವುದು ಬೇರೆ.

ಈಗ ಸೂಜಿಯ ವಿಷಯಕ್ಕೆ ಬರೋಣ. ನೋವು ತಡೆಯದೆ "ಒಂದು ಸೂಜಿ ಹಾಕಿ ಸಾರ್" ಅಂತ ಕೇಳುವವರು ನಮ್ಮಲ್ಲಿ ಬಹಳ. ಕೆಲವು ಕಡೆ ಸ್ಟೀರಾಯ್ಡ್ ಸೂಜಿ ಹಾಕಿಬಿಡುತ್ತಾರೆ. ಬೇಗನೆ ಬಾವು ಇಳಿಯುತ್ತದೆ. ಒಳ್ಳೆ ಕೈಗುಣ ಅಂತ ಹೊಗಳುತ್ತೇವೆ. ಸ್ಟೀರಾಯ್ಡ್ ಮಾಡಿದ್ದೇನು? ಒಂದಲ್ಲ, ಹಲವು ಕರೆಗಳ ಬಾಯಿ ಮುಚ್ಚಿಸಿತು. ವೈರಸ್ಸನ್ನು ಅದು ಕೊಲ್ಲುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರುತ್ತದೆ. ತಿಂಗಳುಗಟ್ಟಲೆ ತಗೊಂಡರೆ ಮೂಳೆ ಸವೆಯುತ್ತದೆ. ಇನ್ನೊಂದು ಅಪಾಯ ಕ್ಷಯದ್ದು. ಮೈಯಲ್ಲಿ ಮಲಗಿದ ಕ್ಷಯದ ಕ್ರಿಮಿಯ ಸುತ್ತ ಬಿಳಿ ಕಣಗಳು ಬೇಲಿ ಕಟ್ಟಿರುತ್ತವೆ. ಸ್ಟೀರಾಯ್ಡ್ ಹೆಚ್ಚಾದರೆ ಆ ಬೇಲಿ ಸಡಿಲವಾಗಿ ಕ್ಷಯ ಎದ್ದುಬಿಡಬಹುದು.

ಸ್ಟೀರಾಯ್ಡ್ ಕೆಟ್ಟ ಮದ್ದು ಅಂತಲ್ಲ. ಯಾರಿಗೆ, ಎಷ್ಟು, ಎಷ್ಟು ದಿನ ಎಂದು ಓದಿದ ಡಾಕ್ಟರು ಲೆಕ್ಕ ಹಾಕಿ ಕೊಡುವ ಮದ್ದು ಅದು. ಶುರು ಮಾಡಿದ ಮೇಲೆ ಅವರನ್ನು ಕೇಳದೆ ನಿಲ್ಲಿಸಲೂ ಬಾರದು. ಸೂಜಿ ಹಾಕುವ ಮುಂಚೆ "ಇದು ಯಾವ ಮದ್ದು?" ಅಂತ ಕೇಳಿ. ಚೀಟಿಯಲ್ಲಿ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲೋ ತೆಲುಗಿನಲ್ಲೋ ಬರೆಸಿಕೊಳ್ಳಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಈ ಮೂರು ಹೆಸರು ಉದ್ದ, ನಿಜ. ಅಕ್ಷರ ಕೂಡಿಸಿ ಎರಡು ಸಲ ಓದಿ, ಬಾಯಿಗೆ ಬರುತ್ತದೆ.

ಜ್ವರ ಇರುವಾಗ ಪ್ಯಾರಾಸಿಟಮಾಲ್, ಗಂಜಿ, ನೀರು, ವಿಶ್ರಾಂತಿ ಬೇಕು. ಡೆಂಗಿ ಜ್ವರವನ್ನೂ ಇದೇ ಸೊಳ್ಳೆ ತರುತ್ತದೆ. ಡೆಂಗಿ ಇಲ್ಲ ಎಂದು ಡಾಕ್ಟರು ಹೇಳುವ ತನಕ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆ ಬೇಡ. ರಕ್ತ ಸೋರಬಹುದು. ವಸಡಿನಲ್ಲಿ ರಕ್ತ, ಜೋರು ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ ಕಂಡರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ.

ಈ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ. ಕಾಲಿನ ಮೇಲೆ ಬಿಳಿ ಪಟ್ಟೆ ಇರುತ್ತದೆ. ಚರಂಡಿಗಿಂತ ಮನೆಯ ತಿಳಿ ನೀರೇ ಇದಕ್ಕೆ ಇಷ್ಟ. ಮಳೆ ಕಡಿಮೆಯಾದ ನಮ್ಮ ಸೀಮೆಯಲ್ಲಿ ನೀರು ತುಂಬಿಡದೆ ಬದುಕಿಲ್ಲ. ಆದ್ದರಿಂದ ತೊಟ್ಟಿ, ಡ್ರಮ್ಮಿಗೆ ಬಟ್ಟೆ ಕಟ್ಟಿ ಮುಚ್ಚಿ. ವಾರಕ್ಕೊಮ್ಮೆ ಬರಿದು ಮಾಡಿ ಒಳಗೋಡೆ ತಿಕ್ಕಿ. ಬರೀ ನೀರು ಚೆಲ್ಲಿದರೆ ಸಾಲದು. ಗೋಡೆಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ.

ಹೊಸ ಪದಗಳು
ಉರಿಯೂತ: ಕೆಂಪು, ಬಿಸಿ, ಬಾವು, ನೋವು ಒಟ್ಟಿಗೆ ಬರುವುದು.
ಕೀಮೋಕೈನ್: ಬಿಳಿ ಕಣಗಳನ್ನು ಕರೆಯುವ ಪ್ರೋಟೀನು.

ಮಾಡಿ ನೋಡಿ
1. ಜ್ವರ ಬಿಟ್ಟ ಮೇಲೂ ಕೀಲು ಯಾಕೆ ನೋಯುತ್ತದೆ? ನಿಮ್ಮ ಮಾತಿನಲ್ಲಿ ಪಕ್ಕದವರಿಗೆ ಹೇಳಿ.
2. ಮನೆಯಲ್ಲಿರುವ ಹಳೆಯ ಮದ್ದಿನ ಚೀಟಿ ತನ್ನಿ. ಅದರಲ್ಲಿರುವ ಹೆಸರುಗಳನ್ನು ಗುರುಗಳ ಜೊತೆ ಕೂತು ಕನ್ನಡದಲ್ಲಿ ಬರೆಯಿರಿ.
3. ನಿಮ್ಮ ಮನೆಯಲ್ಲಿ ನೀರು ತುಂಬಿಡುವ ಪಾತ್ರೆಗಳ ಪಟ್ಟಿ ಮಾಡಿ. ಪ್ರತಿಯೊಂದರ ಮುಂದೆ ಅದನ್ನು ಕೊನೆಯ ಸಲ ತಿಕ್ಕಿ ತೊಳೆದ ದಿನ ಬರೆಯಿರಿ.