ತೀರ್ಪುಗಾರರ ದೇಹಶ್ರಮ

ಮೈದಾನದಲ್ಲಿ ನಮ್ಮೆಲ್ಲರ ದೃಷ್ಟಿ ಚೆಂಡಿನ ಮೇಲಿರುತ್ತದೆ. ಸೀಟಿ ಹಿಡಿದು ಓಡುವ ತೀರ್ಪುಗಾರರನ್ನು ನಾವು ಗಮನಿಸುವುದು ಅವರ ತೀರ್ಪು ಒಪ್ಪಿಗೆಯಾಗದಾಗ ಮಾತ್ರ. ಚಿಕ್ಕೇರೂರಿನಂತಹ ಊರುಗಳಲ್ಲಿ ಈ ಹೊಣೆ ಸಾಮಾನ್ಯವಾಗಿ ದೈಹಿಕ ಶಿಕ್ಷಕರ ಇಲ್ಲವೇ ಆಟ ಬಿಟ್ಟು ವರ್ಷಗಳಾದ ಹಿರಿಯರ ಹೆಗಲೇರುತ್ತದೆ. ಅದು ದೇಹದಿಂದ ಏನನ್ನು ಬೇಡುತ್ತದೆಂಬುದನ್ನು ಫುಟ್‌ಬಾಲ್ ಆಟದ ನಿದರ್ಶನದಿಂದ ತಿಳಿಯೋಣ.

90 ನಿಮಿಷಗಳ ಪಂದ್ಯದಲ್ಲಿ ರೆಫರಿ ಸುಮಾರು 10ರಿಂದ 12 ಕಿಲೋಮೀಟರ್ ಕ್ರಮಿಸುತ್ತಾರೆ. ಅದು ಒಂದೇ ಗತಿಯ ಓಟವಲ್ಲ. ನಡಿಗೆ, ಹಿಮ್ಮುಖ ಓಟ, ಅಡ್ಡ ಹೆಜ್ಜೆ, ಥಟ್ಟನೆ ಬಿರುಸಿನ ಓಟ ಎಲ್ಲವೂ ಬೆರೆತಿರುತ್ತವೆ. ಆದ್ದರಿಂದಲೇ ಮೀನಖಂಡ ಹಾಗೂ ತೊಡೆಯ ಹಿಂಭಾಗದ ಸ್ನಾಯುಗಳಿಗೆ ಪೆಟ್ಟು ಹೆಚ್ಚು. 220ರಲ್ಲಿ ವಯಸ್ಸನ್ನು ಕಳೆದರೆ ಗರಿಷ್ಠ ಹೃದಯಬಡಿತದ ಸ್ಥೂಲ ಲೆಕ್ಕ ಸಿಗುತ್ತದೆ. 40 ವರ್ಷದವರಿಗೆ ಅದು 180. ಪಂದ್ಯದ ಬಹುಭಾಗ ಅದರ ಶೇ. 85ರ ಆಸುಪಾಸು, ಅಂದರೆ ನಿಮಿಷಕ್ಕೆ ಸುಮಾರು 150 ಬಾರಿ ಹೃದಯ ಮಿಡಿಯುತ್ತಿರುತ್ತದೆ.

ದೇಹ ದಣಿದರೆ ದೃಷ್ಟಿಯೂ ವಿವೇಚನೆಯೂ ಮಂದವಾಗುತ್ತವೆ. 2023ರ ಮಾರ್ಚ್ 3ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ, ನಿಗದಿತ 90 ನಿಮಿಷ ಮುಗಿದು ಹೆಚ್ಚುವರಿ ಅವಧಿ ನಡೆದಿದ್ದಾಗ, ಸುನಿಲ್ ಚೆಟ್ರಿಯವರ ಫ್ರೀ ಕಿಕ್ ಗೋಲನ್ನು ರೆಫರಿ ಮಾನ್ಯ ಮಾಡಿದರು. ಅದನ್ನೊಪ್ಪದ ಕೇರಳ ಬ್ಲಾಸ್ಟರ್ಸ್ ತಂಡ ಮೈದಾನವನ್ನೇ ತೊರೆಯಿತು. ತೀರ್ಪಿನ ಸರಿತಪ್ಪು ಇಲ್ಲಿ ನಮ್ಮ ವಿಷಯವಲ್ಲ. ಒಂದೂವರೆ ಗಂಟೆ ಓಡಿದ ಬಳಿಕವೂ ಅತಿ ಕಠಿಣ ನಿರ್ಣಯ ಎದುರಾಗಬಹುದೆಂಬುದು ಗಮನಾರ್ಹ. ಅದಕ್ಕೆಂದೇ ಅಂತರರಾಷ್ಟ್ರೀಯ ರೆಫರಿಗಳು ಓಟದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಪುರುಷರು 40 ಮೀಟರನ್ನು 6 ಸೆಕೆಂಡಿನೊಳಗೆ ಆರು ಬಾರಿ ಓಡಬೇಕು; ನಂತರ 75 ಮೀಟರ್ ಓಟ, 25 ಮೀಟರ್ ನಡಿಗೆಯನ್ನು 40 ಬಾರಿ ಪೂರೈಸಬೇಕು.

ನಮ್ಮೂರ ಪಂದ್ಯಗಳಿಗೆ ಅಷ್ಟು ಬೇಕಿಲ್ಲವಾದರೂ ಈ ಕ್ರಮಗಳು ಅವಶ್ಯ:

1. ಪಂದ್ಯಕ್ಕೆ ಒಂದೆರಡು ತಿಂಗಳು ಮೊದಲೇ ವಾರಕ್ಕೆ ಮೂರು ದಿನ ನಡಿಗೆ-ಓಟದ ಅಭ್ಯಾಸ ಆರಂಭಿಸಬೇಕು.

2. 40 ದಾಟಿದವರು, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆಯುಳ್ಳವರು ಮೊದಲು ವೈದ್ಯರಿಂದ ತಪಾಸಣೆ ಮಾಡಿಸಿಕೊಳ್ಳಬೇಕು.

3. ರೊಟ್ಟಿ-ಪಲ್ಯದ ಊಟವನ್ನು ಪಂದ್ಯಕ್ಕೆ ಮೂರು ತಾಸು ಮುಂಚೆಯೇ ಮುಗಿಸಬೇಕು. ಪಂದ್ಯಕ್ಕೆ ಮುನ್ನ ಕಾಲು ಗಂಟೆ ಮೈ ಬಿಸಿ ಮಾಡಿಕೊಳ್ಳಬೇಕು.

4. ವಿರಾಮದಲ್ಲಿ ನೀರು ಅಥವಾ ಉಪ್ಪು ಬೆರೆಸಿದ ತಿಳಿಮಜ್ಜಿಗೆ ಕುಡಿಯಬೇಕು. ಬೇಸಿಗೆಯಲ್ಲಿ ಪಂದ್ಯಗಳನ್ನು ಬೆಳಗ್ಗೆ ಅಥವಾ ಇಳಿಹೊತ್ತಿನಲ್ಲಿ ಇಡುವುದು ಲೇಸು.

5. ಎದೆ ಬಿಗಿತ, ತೋಳಿಗೆ ಹರಡುವ ನೋವು, ತಲೆಸುತ್ತು ಕಂಡೊಡನೆ ಸೀಟಿಯನ್ನು ಬೇರೊಬ್ಬರಿಗೆ ಒಪ್ಪಿಸಿ ಆಸ್ಪತ್ರೆಗೆ ಧಾವಿಸಬೇಕು. ಸಂಕೋಚ ಸಲ್ಲದು.

ತೀರ್ಪು ನೀಡುವುದೂ ಒಂದು ಕಾಯಕ. ಸಂಘಟಕರು ತಂಡಗಳಿಗೆ ನೀರು-ನೆರಳು ಒದಗಿಸುವಾಗ ತೀರ್ಪುಗಾರರನ್ನೂ ನೆನೆಯಲಿ. ದೀರ್ಘ ಪಂದ್ಯಾವಳಿಗಳಲ್ಲಿ ಒಬ್ಬರಿಗೇ ಇಡೀ ದಿನದ ಹೊರೆ ಹೊರಿಸದಿರಲಿ.