ರಾತ್ರಿ ಒಂಬತ್ತಾದ್ರೂ ಸಿಯಾಟಲ್‌ನಲ್ಲಿ ಬೆಳಕು ಯಾಕೆ?

ಇವತ್ತಿನ ಸಂಚಿಕೆ ನಮ್ಮ ಪುಟಾಣಿ ಕೇಳುಗರಿಗೆ. ಅಪ್ಪ ಅಮ್ಮನೂ ಜೊತೆಗೆ ಕೂತ್ಕೊಂಡ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಒಂದೆರಡು ಮಾತು ಅವರಿಗೂ ಇದೆ. ಶುರು ಮಾಡೋ ಮುಂಚೆ ಒಂದು ಕಿತ್ತಳೆ ಹಣ್ಣು, ಒಂದು ಬಿದಿರು ಕಡ್ಡಿ, ಎರಡು ಸ್ಟಿಕ್ಕರ್ ಬೊಟ್ಟು ತಂದಿಟ್ಟುಕೊಳ್ಳಿ.

ಮಕ್ಕಳೇ, ಜೂನ್ ಕೊನೆಯಲ್ಲಿ ನಮ್ಮ ಸಿಯಾಟಲ್ ಕಡೆ ಸೂರ್ಯ ಮುಳುಗೋದು ರಾತ್ರಿ ಸುಮಾರು 9 ಗಂಟೆ 10 ನಿಮಿಷಕ್ಕೆ. ಅಮ್ಮ "ಮಲಗು" ಅಂತಾರೆ, ನೀವು "ಇನ್ನೂ ಬೆಳಕಿದೆಯಲ್ಲಾ" ಅಂತೀರಿ. ಡಿಸೆಂಬರ್‌ನಲ್ಲಿ ಉಲ್ಟಾ. ಶಾಲೆಗೆ ಹೊರಡುವಾಗ ಕತ್ತಲೆ, ಸಂಜೆ 4 ಗಂಟೆ 20 ನಿಮಿಷಕ್ಕೆಲ್ಲ ಸೂರ್ಯ ಮಾಯ. ಬೆಂಗಳೂರಿನಲ್ಲಿರೋ ಅಜ್ಜಿಗೆ ಇದನ್ನ ಹೇಳಿದರೆ ಅವರಿಗೆ ಆಶ್ಚರ್ಯ. ಅಲ್ಲಿ ವರ್ಷವಿಡೀ ಸೂರ್ಯ ಹೆಚ್ಚುಕಮ್ಮಿ ಆರೂವರೆಯ ಆಸುಪಾಸಿನಲ್ಲೇ ಮುಳುಗ್ತಾನೆ. ಒಂದೇ ಭೂಮಿ, ಒಂದೇ ಸೂರ್ಯ. ಮತ್ತೆ ಇಷ್ಟು ವ್ಯತ್ಯಾಸ ಯಾಕೆ?

"ಬೇಸಿಗೆಯಲ್ಲಿ ಭೂಮಿ ಸೂರ್ಯನ ಹತ್ತಿರ ಹೋಗುತ್ತೆ, ಅದಕ್ಕೇ" ಅಂತ ತುಂಬಾ ಜನ ಹೇಳ್ತಾರೆ. ದೊಡ್ಡವರೂ ಹೇಳ್ತಾರೆ. ಕೇಳೋಕೆ ಸರಿ ಅನ್ಸುತ್ತೆ. ಆದರೆ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರೋದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿ. ಅತಿ ದೂರ ಇರೋದು ಜುಲೈ ಮೊದಲ ವಾರದಲ್ಲಿ, ಸುಮಾರು 15.2 ಕೋಟಿ ಕಿಲೋಮೀಟರ್. ಜನವರಿಯಲ್ಲಿ ನೀವು ಸ್ವೆಟರ್ ಹಾಕ್ಕೋತೀರಿ, ಜುಲೈನಲ್ಲಿ ಐಸ್‌ಕ್ರೀಮ್ ತಿಂತೀರಿ. ಅಂದರೆ ಹತ್ತಿರ, ದೂರ ಕಾರಣ ಅಲ್ಲ. ಇನ್ನೊಂದು ಸಾಕ್ಷಿ ಬೇಕಾ? ನಮಗೆ ಚಳಿಗಾಲ ಇದ್ದಾಗ ಆಸ್ಟ್ರೇಲಿಯಾದಲ್ಲಿ ಬೇಸಿಗೆ. ದೂರವೇ ಕಾರಣ ಆಗಿದ್ದರೆ ಇಡೀ ಭೂಮಿಗೆ ಒಟ್ಟಿಗೇ ಬೇಸಿಗೆ ಬರಬೇಕಿತ್ತು, ಅಲ್ವಾ?

ಈಗ ಕಿತ್ತಳೆ ತಗೊಳ್ಳಿ. ದೊಡ್ಡವರ ಕೈಯಲ್ಲಿ ಕಡ್ಡಿಯನ್ನ ಮೇಲಿಂದ ಕೆಳಗೆ ನಟ್ಟನಡುವೆ ಚುಚ್ಚಿಸಿ. ಆ ಕಡ್ಡಿಯೇ ಭೂಮಿಯ ಅಕ್ಷ. ಹಣ್ಣಿನ ಸೊಂಟಕ್ಕಿಂತ ಸ್ವಲ್ಪ ಮೇಲೆ ಒಂದು ಬೊಟ್ಟು ಅಂಟಿಸಿ, ಅದು ಬೆಂಗಳೂರು. ಹಣ್ಣಿನ ಆಚೆ ಬದಿಯಲ್ಲಿ, ಸೊಂಟಕ್ಕೂ ತಲೆಗೂ ಮಧ್ಯೆ ಇನ್ನೊಂದು ಬೊಟ್ಟು, ಅದು ಸಿಯಾಟಲ್. ಕೋಣೆ ಕತ್ತಲೆ ಮಾಡಿ, ನಡುವೆ ಒಂದು ದೀಪ ಇಡಿ. ಅದೇ ನಮ್ಮ ಸೂರ್ಯ.

ಮೊದಲು ಕಡ್ಡಿ ನೆಟ್ಟಗೆ ಹಿಡಿದು ಹಣ್ಣನ್ನ ನಿಧಾನಕ್ಕೆ ತಿರುಗಿಸಿ. ಒಂದು ಬೊಟ್ಟು ಬೆಳಕಿಗೆ ಬಂದಾಗ ಇನ್ನೊಂದು ಕತ್ತಲಿಗೆ ಹೋಗುತ್ತೆ. ಇದು ಭೂಮಿಯ ದೈನಂದಿನ ಚಲನೆ, ಒಂದು ಸುತ್ತಿಗೆ ಒಂದು ದಿನ. ಚಳಿಗಾಲದಲ್ಲಿ ಇಲ್ಲಿ ಭಾನುವಾರ ರಾತ್ರಿ 8 ಗಂಟೆಗೆ ಅಜ್ಜಿಗೆ ಫೋನ್ ಮಾಡಿದರೆ ಅಲ್ಲಿ ಸೋಮವಾರ ಬೆಳಿಗ್ಗೆ ಒಂಬತ್ತೂವರೆ ಆಗಿರುತ್ತೆ. ಬೇಸಿಗೆಯಲ್ಲಾದ್ರೆ ಎಂಟೂವರೆ. ಆ ಒಂದು ಗಂಟೆ ಭೂಮಿ ಮಾಡಿದ್ದಲ್ಲ. ಮಾರ್ಚ್‌ನಲ್ಲಿ ನಾವು ಇಲ್ಲಿ ಗಡಿಯಾರ ಒಂದು ಗಂಟೆ ಮುಂದಿಡ್ತೀವಿ, ಅಜ್ಜಿ ಮನೆಯಲ್ಲಿ ಇಡಲ್ಲ, ಅಷ್ಟೇ.

ಈಗ ಕಡ್ಡಿಯನ್ನ ಸ್ವಲ್ಪ ವಾಲಿಸಿ. ನಿಜವಾದ ಭೂಮಿ ವಾಲಿರೋದು ಸುಮಾರು 23.5 ಡಿಗ್ರಿ. ಕಡ್ಡಿಯ ತಲೆ ಒಂದು ಗೋಡೆ ಕಡೆ ಇರಲಿ, ಫ್ರಿಡ್ಜ್ ಕಡೆ ಅಂತಲೇ ಇಟ್ಕೊಳ್ಳಿ. ಈಗ ದೀಪದ ಸುತ್ತ ನಡೀರಿ. ಇದು ವಾರ್ಷಿಕ ಚಲನೆ. ನಿಜವಾದ ಭೂಮಿಗೆ ಈ ಒಂದು ಸುತ್ತಿಗೆ 365 ದಿನ, ಮೇಲೆ ಸುಮಾರು ಕಾಲು ದಿನ ಬೇಕು. ಒಂದೇ ಒಂದು ನಿಯಮ: ನೀವು ಎಲ್ಲೇ ಇದ್ದರೂ ಕಡ್ಡಿಯ ತಲೆ ಫ್ರಿಡ್ಜ್ ಕಡೆಗೇ ವಾಲಿರಬೇಕು. ಭೂಮಿಯ ಅಕ್ಷವೂ ವರ್ಷವಿಡೀ ಧ್ರುವ ನಕ್ಷತ್ರದ ಕಡೆಗೇ ಮುಖ ಮಾಡಿರುತ್ತೆ.

ಹೀಗೆ ನಡೀತಾ ಹೋದರೆ ಒಂದು ಕಡೆ ಹಣ್ಣಿನ ತಲೆ ದೀಪದತ್ತ ಬಾಗಿರುತ್ತೆ. ಅಲ್ಲಿ ನಿಂತು ಹಣ್ಣು ತಿರುಗಿಸಿ ನೋಡಿ. ಸಿಯಾಟಲ್ ಬೊಟ್ಟು ತುಂಬಾ ಹೊತ್ತು ಬೆಳಕಲ್ಲಿ, ಸ್ವಲ್ಪ ಹೊತ್ತು ಕತ್ತಲಲ್ಲಿ. ಅದು ಜೂನ್, ಆಗ ಇಲ್ಲಿ ಹಗಲು ಸುಮಾರು 16 ಗಂಟೆ. ದೀಪದ ಎದುರು ಬದಿಗೆ ಹೋಗಿ. ಈಗ ತಲೆ ದೀಪದಿಂದ ಆಚೆಗೆ ವಾಲಿದೆ. ಅದು ಡಿಸೆಂಬರ್, ಹಗಲು ಎಂಟೂವರೆ ಗಂಟೆಯೂ ಇಲ್ಲ. ಬೆಂಗಳೂರಿನ ಬೊಟ್ಟು ನೋಡಿ, ಎರಡೂ ಕಡೆ ಅದರ ಪಾಲು ಹೆಚ್ಚೇನೂ ಬದಲಾಗಲ್ಲ. ಅಲ್ಲಿ ಜೂನ್‌ನಲ್ಲಿ ಹಗಲು 13 ಗಂಟೆಗೆ ಸ್ವಲ್ಪ ಕಮ್ಮಿ, ಡಿಸೆಂಬರ್‌ನಲ್ಲಿ ಸುಮಾರು 11 ಗಂಟೆ 20 ನಿಮಿಷ.

ಸರಿ, ಚಳಿ ಯಾಕೆ? ಒಂದು ಸೌಟು ದೋಸೆ ಹಿಟ್ಟು ನೆನಪಿಸ್ಕೊಳ್ಳಿ. ಚಿಕ್ಕದಾಗಿ ಹುಯ್ದರೆ ದಪ್ಪನೆ ಸೆಟ್ ದೋಸೆ. ಅದೇ ಹಿಟ್ಟನ್ನ ಅಗಲಕ್ಕೆ ಎಳೆದರೆ ತೆಳ್ಳನೆ ಪೇಪರ್ ದೋಸೆ. ಬಿಸಿಲೂ ಹಾಗೇ. ಜೂನ್ ಮಧ್ಯಾಹ್ನ ಸಿಯಾಟಲ್‌ನಲ್ಲಿ ಸೂರ್ಯ 66 ಡಿಗ್ರಿ ಎತ್ತರಕ್ಕೆ ಏರ್ತಾನೆ, ಬಿಸಿಲು ದಪ್ಪಗೆ ಬೀಳುತ್ತೆ. ಡಿಸೆಂಬರ್‌ನಲ್ಲಿ ಬರೀ 19 ಡಿಗ್ರಿ. ಓರೆಯಾಗಿ ಬಂದ ಅಷ್ಟೇ ಬಿಸಿಲು ಸುಮಾರು ಮೂರು ಪಟ್ಟು ನೆಲಕ್ಕೆ ಹರಡಿ ತೆಳ್ಳಗಾಗುತ್ತೆ. ತೆಳ್ಳನೆ ಬಿಸಿಲು, ಅದೂ ಸ್ವಲ್ಪವೇ ಹೊತ್ತು. ಅದಕ್ಕೇ ಚಳಿ.

ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆ ಕ್ಷಣ ನೆರಳೇ ಕಾಣಲ್ಲ. ಅದಕ್ಕೆ ಶೂನ್ಯ ನೆರಳಿನ ದಿನ ಅಂತಾರೆ. ಅಲ್ಲಿ ಸೆಕೆ ಜಾಸ್ತಿ ಏಪ್ರಿಲ್‌ನಲ್ಲೇ. ಜೂನ್‌ಗೆ ಮುಂಗಾರು ಮೋಡ ಬಂದು ತಂಪು ಮಾಡುತ್ತೆ. ನಿಮ್ಮ ಅಣ್ಣ ತಮ್ಮಂದಿರಿಗೆ ಅಲ್ಲಿ ಏಪ್ರಿಲ್, ಮೇನಲ್ಲಿ ಬೇಸಿಗೆ ರಜೆ ಯಾಕೆ ಅಂತ ಈಗ ಗೊತ್ತಾಯ್ತಲ್ಲ? ಸಿಯಾಟಲ್‌ನಲ್ಲಿ ಮಾತ್ರ ಸೂರ್ಯ ಯಾವತ್ತೂ ನೆತ್ತಿ ಮೇಲೆ ಬರಲ್ಲ.

ನಾವು ಜೀವಶಾಸ್ತ್ರದವರು, ಅದಕ್ಕೇ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಹಗಲಿನ ಉದ್ದವನ್ನ ಗಿಡ, ಹಕ್ಕಿ ಎಲ್ಲವೂ ಗಮನಿಸುತ್ತವೆ. ಇಲ್ಲಿನ ಮೇಪಲ್ ಮರಗಳು ಹಗಲು ಗಿಡ್ಡ ಆಗ್ತಿದ್ದಂತೆ ಎಲೆ ಉದುರಿಸೋಕೆ ತಯಾರಾಗುತ್ತವೆ. ನಮ್ಮ ದೇಹವೂ ಹಾಗೇ. ಕತ್ತಲಾದಾಗ ಮೆದುಳು ಮೆಲಟೋನಿನ್ ಅನ್ನೋ ಹಾರ್ಮೋನ್ ಹೆಚ್ಚು ಬಿಡುತ್ತೆ, ಅದು ನಿದ್ದೆಯ ಹೊತ್ತಾಯ್ತು ಅಂತ ದೇಹಕ್ಕೆ ತಿಳಿಸುತ್ತೆ. ಬೆಳಕು ಅದನ್ನ ತಡೆಯುತ್ತೆ. ಹಾಗಾಗಿ ಜೂನ್ ರಾತ್ರಿ ನಿದ್ದೆ ಬರ್ತಿಲ್ಲ ಅನ್ನೋ ಮಗು ಹಟ ಮಾಡ್ತಿದೆ ಅಂತಲೇ ತಿಳಿಯಬೇಡಿ. ಬೈಯೋ ಮುಂಚೆ ದಪ್ಪನೆ ಪರದೆ ಎಳೆದು ನೋಡಿ. ಡಿಸೆಂಬರ್‌ನಲ್ಲಿ ಮಗು ಏಳೋಕೆ ಕಷ್ಟಪಟ್ಟರೆ ಬೆಳಿಗ್ಗೆ ದೀಪ ಹಾಕಿ.

ಮಕ್ಕಳೇ, ಈಗ ನಿಮ್ಮ ಕೆಲಸ. ಒಂದು ಮೀಟರ್ ಉದ್ದದ ಕೋಲನ್ನ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ, ತಿಂಗಳಿಗೊಮ್ಮೆ ನೆರಳು ಅಳೆಯಿರಿ. ಚಳಿಗಾಲದಲ್ಲಿ ಮಧ್ಯಾಹ್ನ 12 ಗಂಟೆ ಸುಮಾರಿಗೆ, ಗಡಿಯಾರ ಮುಂದಿಟ್ಟ ಮೇಲೆ 1 ಗಂಟೆ ಸುಮಾರಿಗೆ. ಸೂರ್ಯನನ್ನ ಮಾತ್ರ ನೇರವಾಗಿ ನೋಡಬೇಡಿ, ನೆರಳು ನೋಡಿದರೆ ಸಾಕು. ಡಿಸೆಂಬರ್‌ನಲ್ಲಿ ಅದು ಸುಮಾರು 2.9 ಮೀಟರ್ ಇರಬೇಕು, ಜೂನ್‌ನಲ್ಲಿ 45 ಸೆಂಟಿಮೀಟರ್. ನಮ್ಮೂರಿನ ಮೋಡ ಬಿಟ್ಟುಕೊಟ್ಟ ದಿನ ಅಳೆಯಿರಿ! ಅದೇ ತಿಂಗಳು ಅಜ್ಜಿಗೂ ಅಷ್ಟೇ ಉದ್ದದ ಕೋಲಿನ ನೆರಳು ಅಳೆಯೋಕೆ ಹೇಳಿ. ಎರಡೂ ಅಳತೆ ಒಂದೇ ಪುಸ್ತಕದಲ್ಲಿ ಬರೆದಿಡಿ.